ಒಮ್ಮೆ ಬಂದ ರೋಗ ಮತ್ತೆ ಬರುತ್ತದೆಯೇ? – ಮಂಗಗಳೂ ಹ್ಯಾಮ್‌ಸ್ಟರ್‌ಗಳೂ ಕೊಟ್ಟ ಉತ್ತರದ ಕಥೆ



2020ರ ಕೊನೆಯ ತಿಂಗಳುಗಳು ನಿಮಗೆ ನೆನಪಿರಬಹುದು. ಲಾಕ್‌ಡೌನ್ ಸಡಿಲವಾಗಿ, ಭಾನುವಾರದ ಬಲಿಪೂಜೆಗೆ ಜನ ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದ್ದ ಕಾಲ. ಹಳಿಯಾಳದ ಕಡೆಯಿಂದ ಬಂದು ಕಾಣಕೋಣದಲ್ಲಿ ಗೌಂಡಿ ಕೆಲಸ ಮಾಡಿಕೊಂಡಿರುವ ಒಬ್ಬರಿದ್ದಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅವರಿಗೆ ಕೊರೊನಾ ಬಂದು ಗುಣವಾಗಿತ್ತು. ಮಾಸ್ಕ್ ಹಾಕಿಕೊಳ್ಳಿ ಎಂದು ನಾವು ಬಾಗಿಲಲ್ಲಿ ನಿಂತು ಹೇಳಿದರೆ ಅವರು ನಗುತ್ತಿದ್ದರು. “ನನಗ ಬಂದು ಹೋಗೇತಿ ಬಿಡ್ರೋ. ಇನ್ನ ನನಗೂ ಬರೂದಿಲ್ಲ, ನನ್ನಿಂದ ಯಾರಿಗೂ ಬರೂದಿಲ್ಲ.”

ಅವರೊಬ್ಬರೇ ಅಲ್ಲ, ನಾವೂ ಹಾಗೆಯೇ ನಂಬಿದ್ದೆವು. ಸಿಡುಬು, ದಡಾರದ ವಿಷಯದಲ್ಲಿ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೂ ಅದೇ: ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ.

2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಗೋವಾಕ್ಕೆ ಅಪ್ಪಳಿಸಿತು. ಕೆಲವು ದಿನ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಸೋಂಕು ಇರುವುದು ಕಾಣುತ್ತಿತ್ತು. ಕಾಕಾನಿಗೆ ಎರಡು ದಿನ ನೆಗಡಿ, ಸ್ವಲ್ಪ ಜ್ವರ. ಪರೀಕ್ಷೆಯಲ್ಲಿ ಮತ್ತೆ ಪಾಸಿಟಿವ್. ಮೂರನೇ ದಿನಕ್ಕೆ ಅವರು ಎದ್ದು ಓಡಾಡಿದರು. ಆದರೆ ಅದೇ ವಾರ ಅವರ ಅವ್ವನಿಗೆ ಉಸಿರಾಟ ಕಷ್ಟವಾಯಿತು. ಅವರಿಗೆ ಅದು ಮೊದಲ ಸಲ. ಲಸಿಕೆಯೂ ಆಗಿರಲಿಲ್ಲ. ಮೇ ತಿಂಗಳಲ್ಲಿ ಅವರನ್ನು ಮಣ್ಣು ಮಾಡಿದಾಗ ಹತ್ತಿರ ನಿಲ್ಲಲು ನಾಲ್ಕೇ ಜನಕ್ಕೆ ಆಯಿತು.

ಕಾಕಾ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ: “ನನ್ನಿಂದನ ಬಂತೇನು?” ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಎರಡು ಸಾವಿರ ವರ್ಷಗಳ ಪ್ರಶ್ನೆ

ಒಮ್ಮೆ ಬಂದ ರೋಗ ಮತ್ತೆ ಬರುತ್ತದೆಯೇ ಎಂಬುದು ಹೊಸ ಪ್ರಶ್ನೆಯಲ್ಲ. ಕ್ರಿಸ್ತಪೂರ್ವ 430ರಲ್ಲಿ ಗ್ರೀಸಿನ ಅಥೆನ್ಸ್ ನಗರಕ್ಕೆ ಒಂದು ಮಹಾಮಾರಿ ಬಂತು. ಇತಿಹಾಸಕಾರ ಥ್ಯುಸಿಡಿಡೀಸ್ ಸ್ವತಃ ಅದಕ್ಕೆ ತುತ್ತಾಗಿ ಬದುಕಿ ಉಳಿದವನು. ರೋಗಿಗಳ ಹತ್ತಿರ ಹೋಗಲು ಎಲ್ಲರೂ ಹೆದರುತ್ತಿದ್ದಾಗ ಗುಣವಾದವರೇ ಅವರ ಆರೈಕೆಗೆ ನಿಂತರು ಎಂದು ಅವನು ಬರೆದಿದ್ದಾನೆ. ಕಾರಣವನ್ನೂ ಹೇಳುತ್ತಾನೆ: ಈ ರೋಗ ಒಬ್ಬನನ್ನು ಎರಡನೇ ಸಲ ಹಿಡಿಯುತ್ತಿರಲಿಲ್ಲ, ಹಿಡಿದರೂ ಕೊಲ್ಲುವಷ್ಟು ಹಿಡಿಯುತ್ತಿರಲಿಲ್ಲ. “ಕೊಲ್ಲುವಷ್ಟು” ಎಂಬ ಆ ಸಣ್ಣ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಅಲ್ಲಿಗೇ ಮರಳುತ್ತೇವೆ.

1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಿಗೆ ದಡಾರ ಬಂತು. ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ದಷ್ಟು ಜನ ಮಲಗಿದರು. ಪೀಟರ್ ಪಾನುಮ್ ಎಂಬ ಯುವ ಡ್ಯಾನಿಶ್ ವೈದ್ಯ ಮನೆಮನೆಗೆ ಹೋಗಿ ವಿಚಾರಿಸಿದ. ಆ ದ್ವೀಪಗಳಲ್ಲಿ ಅದಕ್ಕೆ ಮೊದಲು ದಡಾರ ಬಂದಿದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಬಂದಿದ್ದವರಲ್ಲಿ ಒಬ್ಬರಿಗೂ 65 ವರ್ಷಗಳ ನಂತರ ಮತ್ತೆ ಬರಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರಿಗೆ ಮಾತ್ರ ಈಗ ಬಂತು. ದೇಹಕ್ಕೆ ಅಷ್ಟು ದೀರ್ಘ ನೆನಪಿದೆ ಎಂದು ಆಗ ತಿಳಿಯಿತು.

ಆದರೆ ಎಲ್ಲ ರೋಗಗಳ ನೆನಪೂ ಒಂದೇ ರೀತಿ ಉಳಿಯುವುದಿಲ್ಲ. ನೆಗಡಿ ವರ್ಷವರ್ಷವೂ ಬರುತ್ತದೆ. ಸಾಮಾನ್ಯ ನೆಗಡಿ ತರುವ ವೈರಸ್‌ಗಳಲ್ಲಿ ನಾಲ್ಕು ಕೊರೊನಾ ಕುಟುಂಬಕ್ಕೇ ಸೇರಿದವು. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯನ್ನು ಅಭ್ಯಾಸ ಮಾಡುವ ಒಂದು ಕೇಂದ್ರವಿತ್ತು. ಅಲ್ಲಿ ಸ್ವಯಂಸೇವಕರ ಮೂಗಿಗೆ 229ಇ ಎಂಬ ಕೊರೊನಾ ವೈರಸ್ ಹಾಕಿ, ಒಂದು ವರ್ಷದ ನಂತರ ಮತ್ತೆ ಹಾಕಿದರು. ಆ ವರದಿ 1990ರಲ್ಲಿ ಪ್ರಕಟವಾಯಿತು. ಮೊದಲ ಸಲ ಸೋಂಕು ತಗುಲಿದ್ದ ಒಂಬತ್ತು ಜನರಲ್ಲಿ ಆರು ಜನರ ಮೂಗಿನಲ್ಲಿ ವೈರಸ್ ಮತ್ತೆ ಬೆಳೆಯಿತು. ಆದರೆ ಯಾರಿಗೂ ನೆಗಡಿ ಆಗಲಿಲ್ಲ.

ನೆಗಡಿಯನ್ನು ಹೀಗೆ ಮನುಷ್ಯರ ಮೇಲೆ ಪರೀಕ್ಷಿಸಬಹುದು. ಕೊಲ್ಲುವ ರೋಗವನ್ನು, ಅದೂ ಔಷಧಿ ಗೊತ್ತಿಲ್ಲದಾಗ, ಬೇಕೆಂದೇ ಮನುಷ್ಯರಿಗೆ ಎರಡೆರಡು ಸಲ ತಗುಲಿಸುವುದು ಹೇಗೆ? ಪ್ರಾಣಿಗಳ ಕಥೆ ಶುರುವಾಗುವುದು ಇಲ್ಲಿಂದ.

ನಮ್ಮ ಕಾಡಿನ ಮಂಗಗಳು

ರೋಗನಿರೋಧಕ ಶಕ್ತಿಯ ಇತಿಹಾಸದಲ್ಲಿ ಭಾರತದ ಮಂಗಗಳ ಪಾಲು ದೊಡ್ಡದು. 1927ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಹಳದಿ ಜ್ವರದ ಮೂಲ ಹುಡುಕುತ್ತಿದ್ದ ವೈದ್ಯರು ಅಲ್ಲಿನ ಪ್ರಾಣಿಗಳಿಗೆ ರೋಗ ತಗುಲಿಸಲಾಗದೆ ಸೋತಿದ್ದರು. ಭಾರತದಿಂದ ತರಿಸಿದ ರೀಸಸ್ ಮಂಗಗಳಿಗೆ ಅದು ತಗುಲಿತು. ರೋಗಕ್ಕೆ ಕಾರಣ ವೈರಸ್ ಎಂಬುದು ಗಟ್ಟಿಯಾಗಿದ್ದು ಹಾಗೆ. ಆ ತಂಡದ ಮುಖ್ಯ ವಿಜ್ಞಾನಿ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ಜ್ವರಕ್ಕೆ ಬಲಿಯಾದರು. ಹತ್ತು ವರ್ಷಗಳ ನಂತರ ಬಂದ ಹಳದಿ ಜ್ವರದ ಲಸಿಕೆಗೆ ದಾರಿ ತೆರೆದದ್ದು ಈ ಕೆಲಸವೇ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ನಮ್ಮ ಮಂಗಗಳನ್ನು ಲಕ್ಷಗಟ್ಟಲೆ ಹೊರದೇಶಗಳಿಗೆ ಸಾಗಿಸಿದರು. 1978ರಲ್ಲಿ ಭಾರತ ಆ ರಫ್ತನ್ನು ಪೂರ್ತಿ ನಿಲ್ಲಿಸಿತು.

ಇನ್ನೊಂದು ಕಥೆ ನಮಗೆ ಬಹಳ ಹತ್ತಿರದ್ದು. ಕಾಣಕೋಣದಿಂದ ಪೊಳೆಂ ಗಡಿ ದಾಟಿದರೆ ಮಾಜಾಳಿ, ಕಾರವಾರ. ಅಲ್ಲಿಂದ ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಆಮೇಲೆ ಶಿವಮೊಗ್ಗ ಜಿಲ್ಲೆಯ ಸೊರಬ. ನಮ್ಮ ಕೋಟಿಗಾಂವ್ ಅಭಯಾರಣ್ಯವೂ ಸೊರಬದ ಕಾಡುಗಳೂ ಒಂದೇ ಸಹ್ಯಾದ್ರಿಯ ಮಕ್ಕಳು. ಆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಭಾರೀ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆ ವರ್ಷ 466 ಜನರಿಗೆ ರೋಗ ತಗುಲಿತು.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ಹಳದಿ ಜ್ವರದ ಗುರುತು. ಅದು ಭಾರತಕ್ಕೆ ಬಂದುಬಿಟ್ಟಿತೇ ಎಂಬ ಭಯದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಓಡಿ ಬಂತು. ಈ ಕೇಂದ್ರ 1952ರಲ್ಲಿ ಶುರುವಾಗಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್ ಮೊದಲಾದವರು ಸತ್ತ ಮಂಗಗಳಲ್ಲಿ ಮತ್ತು ರೋಗಿಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ ಬೇರೆಯದೇ ವೈರಸ್. ಲೋಕ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತದೆ, ನಾವು ಮಂಗನ ಕಾಯಿಲೆ ಎನ್ನುತ್ತೇವೆ. ನಮ್ಮ ಗೋವಾದ ಸತ್ತರಿ ತಾಲೂಕಿಗೂ ಅದು 2015ರಲ್ಲಿ ಕಾಲಿಟ್ಟಿತು. ಇಂದಿಗೂ ಆ ಭಾಗದಲ್ಲಿ ಕಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅದರ ಸಾವೇ ನಮಗೆ ಮುನ್ನೆಚ್ಚರಿಕೆ.

ಮಂಗನ ಕಾಯಿಲೆಯ ಲಸಿಕೆ ಇನ್ನೊಂದು ಪಾಠವನ್ನೂ ಕಲಿಸಿತು. ಎರಡು ಡೋಸ್ ಕೊಟ್ಟರೂ ಅದರ ಬಲ ಬೇಗ ಕುಗ್ಗುತ್ತಿತ್ತು, ಮತ್ತೆ ಮತ್ತೆ ಬೂಸ್ಟರ್ ಬೇಕಾಗುತ್ತಿತ್ತು. ದೇಹದ ನೆನಪು ಮಾಸುತ್ತದೆ ಎಂಬುದನ್ನು ಮಲೆನಾಡಿನ ಜನ ಕೊರೊನಾಕ್ಕಿಂತ ಎಷ್ಟೋ ಮೊದಲೇ ಕಂಡಿದ್ದರು.

ಆ ಪುಣೆಯ ಕೇಂದ್ರಕ್ಕೆ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ, ಎಂಬ ಹೆಸರು ಬಂತು. 2020ರ ಮಾರ್ಚ್‌ನಲ್ಲಿ ಭಾರತದಲ್ಲಿ ಕೊರೊನಾ ವೈರಸ್ಸನ್ನು ಬೇರ್ಪಡಿಸಿ ಬೆಳೆಸಿದ್ದು ಅದೇ ಸಂಸ್ಥೆ.

2020: ಎರಡನೇ ಸಲ ಏನಾಗುತ್ತದೆ?

ಆ ದಿನಗಳಲ್ಲಿ ನಾವು ಪೊಳೆಂ ಗಡಿ ಮುಚ್ಚಿದ್ದರಿಂದ ಕಾರವಾರದ ನೆಂಟರನ್ನು ನೋಡಲಾಗದೆ ಕುಳಿತಿದ್ದೆವು. ಏಪ್ರಿಲ್ 19ರ ಹೊತ್ತಿಗೆ ಗೋವಾದ ಮೊದಲ ಏಳೂ ರೋಗಿಗಳು ಗುಣವಾಗಿದ್ದರು. ಎಲ್ಲ ಮುಗಿಯಿತು ಎಂದುಕೊಂಡೆವು. ಅದೇ ಸಮಯದಲ್ಲಿ ವಿಜ್ಞಾನಿಗಳನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ: ಗುಣವಾದವರು ನಿಜಕ್ಕೂ ಸುರಕ್ಷಿತರೇ? ಅಲ್ಲವಾದರೆ ಲಸಿಕೆಯ ಮೇಲಿನ ಭರವಸೆಗೂ ಅರ್ಥವಿಲ್ಲ. ರೋಗವೇ ಕಲಿಸಲಾಗದ ಪಾಠವನ್ನು ಲಸಿಕೆ ಹೇಗೆ ಕಲಿಸೀತು?

ಮೊದಲು ಸರಿಯಾದ ಪ್ರಾಣಿ ಬೇಕಿತ್ತು. ಸಾಮಾನ್ಯ ಇಲಿಗೆ ಮೂಲ ಕೊರೊನಾ ವೈರಸ್ ಅಂಟುವುದಿಲ್ಲ. ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲು ಎಸಿಇ2 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಇಲಿಯ ಎಸಿಇ2 ಅದರ ಹಿಡಿತಕ್ಕೆ ಹೊಂದುವುದಿಲ್ಲ. 2003ರ ಸಾರ್ಸ್ ರೋಗದ ನಂತರ ಅಮೆರಿಕದ ಅಯೋವಾದಲ್ಲಿ ಮನುಷ್ಯರ ಎಸಿಇ2 ಇರುವ ಇಲಿಗಳನ್ನು ಸೃಷ್ಟಿಸಿದ್ದರು. 2020ರಲ್ಲಿ ಅವುಗಳಿಗೆ ಒಮ್ಮೆಲೇ ಬೇಡಿಕೆ ಬಂತು. ಸಿರಿಯನ್ ಹ್ಯಾಮ್‌ಸ್ಟರ್‌ಗೆ ಮಾತ್ರ ಯಾವ ಬದಲಾವಣೆಯೂ ಬೇಕಿರಲಿಲ್ಲ. ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವ ಈ ಪುಟ್ಟ ಪ್ರಾಣಿಯನ್ನು 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರದ ಹೊಲವೊಂದರಲ್ಲಿ ಮರಿಗಳ ಸಮೇತ ಹಿಡಿದು, ಕಾಲಾ ಅಜಾರ್ ರೋಗದ ಅಧ್ಯಯನಕ್ಕಾಗಿ ಜೆರುಸಲೇಮಿಗೆ ತಂದಿದ್ದರು. ಇಂದು ಪ್ರಯೋಗಾಲಯಗಳಲ್ಲಿರುವ ಹ್ಯಾಮ್‌ಸ್ಟರ್‌ಗಳೆಲ್ಲ ಬಹುತೇಕ ಆ ಒಂದು ಕುಟುಂಬದ ಸಂತತಿಯೇ. ಕೊರೊನಾ ತಗುಲಿದರೆ ಅದರ ತೂಕ ಇಳಿಯುತ್ತದೆ, ಶ್ವಾಸಕೋಶದಲ್ಲಿ ನ್ಯುಮೋನಿಯಾ ಆಗುತ್ತದೆ, ಪಕ್ಕದ ಗೂಡಿನ ಹ್ಯಾಮ್‌ಸ್ಟರ್‌ಗೂ ಹರಡುತ್ತದೆ.

2020ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿನ ಡಾನ್ ಬರೂಕ್ ಅವರ ತಂಡ ಮೊದಲ ದೊಡ್ಡ ಉತ್ತರ ಕೊಟ್ಟಿತು. ಲೇಖನದ ಮೊದಲ ಹೆಸರು ಅಭಿಷೇಕ್ ಚಂದ್ರಶೇಖರ್. ಅವರು ಒಂಬತ್ತು ರೀಸಸ್ ಮಂಗಗಳಿಗೆ ವೈರಸ್ ತಗುಲಿಸಿದರು. ಅವು ಗುಣವಾದವು. 35ನೇ ದಿನ ಅಷ್ಟೇ ಪ್ರಮಾಣದ ವೈರಸ್ಸನ್ನು ಮತ್ತೆ ಹಾಕಿದರು. ಹೋಲಿಕೆಗಾಗಿ, ಹಿಂದೆಂದೂ ಸೋಂಕು ಕಾಣದ ಮೂರು ಮಂಗಗಳಿಗೂ ಹಾಕಿದರು. ಹೊಸ ಮಂಗಗಳಲ್ಲಿ ವೈರಸ್ ಜೋರಾಗಿ ಬೆಳೆಯಿತು. ಹಳೆಯ ಒಂಬತ್ತರಲ್ಲಿ ಅದರ ಪ್ರಮಾಣ ಮೊದಲ ಸಲಕ್ಕಿಂತ ಸುಮಾರು ಲಕ್ಷ ಪಟ್ಟು ಕಡಿಮೆ. ಚೀನಾದ ವಿಜ್ಞಾನಿಗಳು 28 ದಿನಗಳ ಅಂತರದಲ್ಲಿ ಮಾಡಿದ ಪ್ರಯೋಗವೂ ಇದನ್ನೇ ತೋರಿಸಿತು. ಜಪಾನಿನ ತಂಡವೊಂದು ಹ್ಯಾಮ್‌ಸ್ಟರ್‌ಗಳಿಗೆ ಎರಡನೇ ಸಲ ವೈರಸ್ ಹಾಕಿದಾಗ ಶ್ವಾಸಕೋಶದಲ್ಲಿ ಅದು ಬೆಳೆಯಲೇ ಇಲ್ಲ.

ಲೋಕ ನಿಟ್ಟುಸಿರು ಬಿಟ್ಟಿತು. ಆದರೆ ಬಾಸ್ಟನ್ನಿನ ವರದಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿತ್ತು. ಶ್ವಾಸಕೋಶ ಬಹುತೇಕ ಸ್ವಚ್ಛವಾಗಿದ್ದರೂ ಕೆಲವು ಮಂಗಗಳ ಮೂಗಿನಲ್ಲಿ ಕೆಲವು ದಿನ ವೈರಸ್ಸಿನ ಕುರುಹು ಸಿಕ್ಕಿತ್ತು.

ಅದೇ ವರ್ಷದ ಕೊನೆಯಲ್ಲಿ ಅದೇ ತಂಡ ಇನ್ನೂ ಆಳಕ್ಕೆ ಹೋಯಿತು. ಗುಣವಾದ ಮಂಗಗಳ ರಕ್ತದಿಂದ ಪ್ರತಿಕಾಯಗಳನ್ನು ತೆಗೆದು ಬೇರೆ ಮಂಗಗಳಿಗೆ ಕೊಟ್ಟಾಗ, ಸಾಕಷ್ಟು ಕೊಟ್ಟರೆ ಅಷ್ಟರಿಂದಲೇ ರಕ್ಷಣೆ ಸಿಕ್ಕಿತು. ಗುಣವಾದ ಮಂಗಗಳಿಂದ ಸಿಡಿ8 ಎಂಬ ಟಿ ಕೋಶಗಳನ್ನು ತೆಗೆದುಹಾಕಿದಾಗ ರಕ್ಷಣೆ ಸ್ವಲ್ಪ ಕುಂದಿತು. ಅಂದರೆ ಪ್ರತಿಕಾಯ ಮೊದಲ ಕಾವಲು; ಅದು ಮಾಸಿದಾಗ ಟಿ ಕೋಶಗಳು ಎರಡನೇ ಕಾವಲು. ಇದನ್ನು ಯಾವ ಮನುಷ್ಯನ ಮೇಲೂ ಪರೀಕ್ಷಿಸಲು ಸಾಧ್ಯವಿರಲಿಲ್ಲ.

ಪುಣೆಯ ಇಪ್ಪತ್ತು ಮಂಗಗಳು

ಭಾರತದಲ್ಲಿ ಕೊವ್ಯಾಕ್ಸಿನ್ ತಯಾರಾಗುತ್ತಿದ್ದಾಗ ಎನ್‌ಐವಿಗೆ ರೀಸಸ್ ಮಂಗಗಳು ಬೇಕಾದವು. ಲಾಕ್‌ಡೌನಿನಿಂದ ಊರುಗಳಲ್ಲಿ ತಿನ್ನಲು ಏನೂ ಸಿಗದೆ ಮಂಗಗಳು ಕಾಡು ಸೇರಿದ್ದವು ಎಂದು ಐಸಿಎಂಆರ್‌ನ ಅಂದಿನ ಮುಖ್ಯಸ್ಥ ಬಲರಾಮ್ ಭಾರ್ಗವ ಬರೆದಿದ್ದಾರೆ. ಮಹಾರಾಷ್ಟ್ರದ ಅರಣ್ಯ ಇಲಾಖೆಯ ನೆರವಿನಿಂದ ಹುಡುಕಿ, ನಾಗಪುರದ ಕಡೆಯಿಂದ ಅವುಗಳನ್ನು ತಂದರು. ಇಪ್ಪತ್ತು ಮಂಗಗಳನ್ನು ಐದೈದರ ನಾಲ್ಕು ಗುಂಪು ಮಾಡಿದರು. ಮೂರು ಗುಂಪುಗಳಿಗೆ ಲಸಿಕೆಯ ಮೂರು ಬಗೆ, ಒಂದು ಗುಂಪಿಗೆ ಲಸಿಕೆಯಿಲ್ಲ. ಎರಡನೇ ಡೋಸ್ ಆಗಿ ಎರಡು ವಾರಗಳ ನಂತರ ಎಲ್ಲಕ್ಕೂ ವೈರಸ್ ಹಾಕಿದರು. ಲಸಿಕೆ ಪಡೆದವುಗಳ ಶ್ವಾಸಕೋಶದಲ್ಲಿ ನ್ಯುಮೋನಿಯಾ ಕಾಣಲಿಲ್ಲ, ಏಳು ದಿನಗಳಲ್ಲಿ ವೈರಸ್ ಹೋಗಿತ್ತು. ಲಸಿಕೆ ಪಡೆಯದವುಗಳಿಗೆ ನ್ಯುಮೋನಿಯಾ ಆಗಿತ್ತು. ನಮ್ಮ ಮನೆಯ ಎಷ್ಟೋ ಹಿರಿಯರ ತೋಳಿಗೆ 2021ರಲ್ಲಿ ಬಿದ್ದ ಸೂಜಿಯ ಹಿಂದೆ ಈ ಇಪ್ಪತ್ತು ಮಂಗಗಳಿವೆ.

ಈ ನಡುವೆ ಮನುಷ್ಯರಲ್ಲೂ ಮರುಸೋಂಕು ಕಾಣತೊಡಗಿತ್ತು. 2020ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗಿನ ಒಬ್ಬರಿಗೆ 142 ದಿನಗಳ ನಂತರ ಎರಡನೇ ಸಲ ಬೇರೆ ವೈರಸ್ ತಗುಲಿದ್ದು ಖಚಿತವಾಯಿತು. ಅವರಿಗೆ ಯಾವ ರೋಗಲಕ್ಷಣವೂ ಇರಲಿಲ್ಲ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಹತ್ತು ಜನರ 35 ವರ್ಷಗಳ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ನೆಗಡಿಯ ಕೊರೊನಾಗಳು ಸಾಮಾನ್ಯವಾಗಿ ಒಂದು ವರ್ಷದ ನಂತರ ಮರಳುತ್ತವೆ ಎಂದರು.

ಆಮೇಲೆ ಡೆಲ್ಟಾ ಬಂತು. 2021ರಲ್ಲಿ ಎನ್‌ಐವಿ ವಿಜ್ಞಾನಿಗಳು ನೇರವಾಗಿ ನಮ್ಮ ಕಾಕಾನ ಪ್ರಶ್ನೆಯನ್ನೇ ಹ್ಯಾಮ್‌ಸ್ಟರ್‌ಗಳಿಗೆ ಕೇಳಿದರು ಎನ್ನಬಹುದು. ಮೊದಲ ಅಲೆಯ ವೈರಸ್ ತಗುಲಿ ಗುಣವಾದ ಹ್ಯಾಮ್‌ಸ್ಟರ್‌ಗಳಿಗೆ ಕೆಲವು ತಿಂಗಳ ನಂತರ ಡೆಲ್ಟಾ ಹಾಕಿದರು. ಸೋಂಕು ಮತ್ತೆ ತಗುಲಿತು. ಆದರೆ ರೋಗದ ತೀವ್ರತೆ ಕಡಿಮೆಯಾಗಿತ್ತು.

ಮೂಗು ಬೇರೆ, ಶ್ವಾಸಕೋಶ ಬೇರೆ

ಇದೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ರೋಗ ಅಥವಾ ಲಸಿಕೆ ಕಲಿಸಿದ ಪ್ರತಿಕಾಯಗಳು ಹೆಚ್ಚಾಗಿ ರಕ್ತದಲ್ಲಿರುತ್ತವೆ. ಶ್ವಾಸಕೋಶಕ್ಕೆ ರಕ್ತದ ಹರಿವು ಧಾರಾಳ, ಹಾಗಾಗಿ ಅಲ್ಲಿ ಕಾವಲು ಗಟ್ಟಿ. ಮೂಗಿನ ಒಳಪದರಕ್ಕೆ ಬೇಕಾದ ಬೇರೆ ಬಗೆಯ ಪ್ರತಿಕಾಯಗಳು ಬೇಗ ಕಡಿಮೆಯಾಗುತ್ತವೆ. ಆದ್ದರಿಂದ ವೈರಸ್ ಎರಡನೇ ಸಲ ಅಂಗಳಕ್ಕೆ ಬರಬಹುದು, ಆದರೆ ಒಳಮನೆಗೆ ನುಗ್ಗುವುದು ಕಷ್ಟ. ಅಂಗಳದಲ್ಲಿರುವ ಆ ಕೆಲವು ದಿನ ಅದು ಪಕ್ಕದವರಿಗೆ ದಾಟಬಹುದು. ವೈರಸ್ಸಿನ ರೂಪ ಬದಲಾದಷ್ಟೂ ಈ ಸಾಧ್ಯತೆ ಹೆಚ್ಚು. 2021ರ ಕೊನೆಯಲ್ಲಿ ಬಂದ ಒಮಿಕ್ರಾನ್ ಇದನ್ನು ಎಲ್ಲರಿಗೂ ತೋರಿಸಿತು.

ಥ್ಯುಸಿಡಿಡೀಸ್ ಬರೆದಿದ್ದು ಇದನ್ನೇ ಅಲ್ಲವೇ? ಹಿಡಿದರೂ ಕೊಲ್ಲುವಷ್ಟು ಹಿಡಿಯುವುದಿಲ್ಲ. ಆದರೆ ಗುಣವಾದವನು ಇನ್ನೊಬ್ಬನಿಗೆ ರೋಗ ದಾಟಿಸಬಹುದೇ ಎಂಬುದು ಅವನಿಗೂ ಹೊಳೆದಿರಲಿಲ್ಲ.

ಪ್ರಾಣಿಗಳು ಎಲ್ಲವನ್ನೂ ಹೇಳಲಾರವು ಎಂಬುದನ್ನೂ ಒಪ್ಪಿಕೊಳ್ಳಬೇಕು. 35 ದಿನಗಳ ಪ್ರಯೋಗ ಹತ್ತು ವರ್ಷದ ಮಾತು ಹೇಳುವುದಿಲ್ಲ. ರೀಸಸ್ ಮಂಗಗಳಿಗೆ ಕೊರೊನಾ ಹಗುರವಾಗಿಯೇ ಬರುತ್ತದೆ. ಹ್ಯಾಮ್‌ಸ್ಟರ್‌ಗೆ ಸಕ್ಕರೆ ಕಾಯಿಲೆಯೂ ಬಿಪಿಯೂ ಇರುವ ಎಪ್ಪತ್ತರ ಅಜ್ಜಿಯ ದೇಹವಿಲ್ಲ. ಅವು ದಾರಿ ತೋರಿಸುತ್ತವೆ, ಆ ದಾರಿಯಲ್ಲಿ ಮನುಷ್ಯರನ್ನೂ ಗಮನಿಸುತ್ತಾ ಹೋಗಬೇಕು.

ಈ ಉತ್ತರಕ್ಕೆ ಬೆಲೆ ತೆತ್ತವರು ಯಾರು? ಶ್ವಾಸಕೋಶದೊಳಗೆ ಏನಾಗಿದೆ ಎಂದು ನೋಡಲು ಈ ಪ್ರಾಣಿಗಳಲ್ಲಿ ಹೆಚ್ಚಿನವನ್ನು ಕೊಲ್ಲಲೇಬೇಕಾಗುತ್ತದೆ. ನಮ್ಮ ಧರ್ಮಸಭೆಯ ಉಪದೇಶ ಗ್ರಂಥ ಈ ಬಗ್ಗೆ ಸುಮ್ಮನಿಲ್ಲ. ಮನುಷ್ಯರ ಪ್ರಾಣ ಉಳಿಸಲು, ಮಿತಿಯೊಳಗೆ, ಇಂಥ ಪ್ರಯೋಗ ಒಪ್ಪತಕ್ಕದ್ದು ಎನ್ನುತ್ತದೆ. ಅನಗತ್ಯವಾಗಿ ಪ್ರಾಣಿಗಳನ್ನು ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ವಿರುದ್ಧ ಎಂದೂ ಹೇಳುತ್ತದೆ. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇಂಥ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಯಿದೆ. ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನೇ ಹಿಡಿ, ಸಂಖ್ಯೆ ಕಡಿಮೆ ಮಾಡು, ನೋವು ಕಡಿಮೆ ಮಾಡು ಎಂಬ ಮೂರು ಸೂತ್ರಗಳನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಹಾಕಿಕೊಟ್ಟರು. ಇಂದು ಲೋಕವೆಲ್ಲ ಅವನ್ನು ಒಪ್ಪಿದೆ. ಅಷ್ಟು ಬೆಲೆ ಕೊಟ್ಟು ಸಿಕ್ಕ ತಿಳಿವಳಿಕೆಯನ್ನು ಓದದೆ, ಪಾಲಿಸದೆ ಬಿಟ್ಟರೆ ಆ ಜೀವಗಳನ್ನು ವ್ಯರ್ಥ ಮಾಡಿದಂತೆ ಎಂದು ನಮಗೆ ಅನಿಸುತ್ತದೆ.

ಕಾಕಾನಿಗೆ ನಾವು ಹೇಳಿದ್ದು

ಇದನ್ನೆಲ್ಲ ಓದಿದ ಮೇಲೆ ನಾವು ಮೂವರು ಒಂದು ಸಂಜೆ ಕಾಕಾನ ಮನೆಗೆ ಹೋದೆವು. ಚಹಾ ಕುಡಿಯುತ್ತಾ ಮಂಗಗಳ ಕಥೆ, ಹ್ಯಾಮ್‌ಸ್ಟರ್‌ಗಳ ಕಥೆ ಹೇಳಿದೆವು. ಅವರು ಸುಮ್ಮನೆ ಕೇಳಿದರು. ಕೊನೆಗೆ ಅದೇ ಪ್ರಶ್ನೆ: “ಹಂಗಾದ್ರ ನನ್ನಿಂದನ ಬಂತೇನು?”

ಬಂದಿರಬಹುದು, ಬರದೆಯೂ ಇರಬಹುದು ಎಂದೆವು. ಆ ವಾರ ಅವರ ಗಲ್ಲಿಯಲ್ಲಿ ಹಲವು ಮನೆಗಳಲ್ಲಿ ಜ್ವರವಿತ್ತು. ಹಾಲಿನವನು ಬಂದಿದ್ದ, ಪಕ್ಕದ ಮನೆಯವರು ಬಂದಿದ್ದರು. ಅದನ್ನು ಇಂದು ಯಾವ ಪ್ರಯೋಗಾಲಯವೂ ಹೇಳಲಾರದು. ಆದರೆ ಒಂದು ಮಾತು ಹೇಳಬಹುದು ಕಾಕಾ, ಎಂದೆವು. ನೀವು ಮಾಸ್ಕ್ ಬೇಡ ಎಂದಾಗ ಡೆಲ್ಟಾದ ಆ ಹ್ಯಾಮ್‌ಸ್ಟರ್ ಪ್ರಯೋಗ ಇನ್ನೂ ನಡೆದೇ ಇರಲಿಲ್ಲ. ನಿಮಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮಗೂ ಗೊತ್ತಿರಲಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಈಗ ಗೊತ್ತಾತಲ್ಲ. ನೀವು ಹುಡುಗರು ಎಲ್ಲಾರಿಗೂ ಹೇಳ್ರಿ.”

ಅದಕ್ಕೇ ಇದನ್ನು ಬರೆದೆವು. ನೆಗಡಿ ಜ್ವರ ಬಂದಾಗ, “ನನಗೆ ಬಂದು ಹೋಗಿದೆ, ಲಸಿಕೆ ಆಗಿದೆ” ಎಂಬ ಧೈರ್ಯ ನಿಮ್ಮ ಮಟ್ಟಿಗೆ ಬಹುಪಾಲು ಸರಿ. ಮನೆಯಲ್ಲಿರುವ ಅಜ್ಜಿಯ ಮಟ್ಟಿಗೆ ಅದು ಸರಿಯಲ್ಲ. ಗುಣವಾಗುವವರೆಗೆ ಅವರಿಂದ ದೂರವಿರಿ, ಹತ್ತಿರ ಹೋಗಲೇಬೇಕಾದರೆ ಮೂಗು ಬಾಯಿ ಮುಚ್ಚಿಕೊಳ್ಳಿ. ಮುಂದಿನ ಭಾನುವಾರ ಕಾಕಾ ಸಿಕ್ಕರೆ ಎರಡು ಮಾತಾಡಿಸಿ.